ಸೀಸೆಯ ಮೇಲಿನ ನಂಬರು

ಡಾಕ್ಟರುಗಳ ಚರಿತ್ರೆ ಬರೆದವರು ಬಹಳ ಮಂದಿ. ಮೆಷಿನ್ನುಗಳ ಚರಿತ್ರೆಯೂ ಸಿಗುತ್ತದೆ. ರಕ್ತದ ಸೀಸೆಗೆ ಚೀಟಿ ಅಂಟಿಸಿ, ರಿಜಿಸ್ಟರಿನಲ್ಲಿ ಹೆಸರು ಬರೆದು, ಸರಿಯಾದ ಮೆಷಿನ್ ಮುಂದೆ ಇಡುವವರ ಚರಿತ್ರೆಗೆ ಮಾತ್ರ ಗಿರಾಕಿ ಕಮ್ಮಿ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನಗೆ ಇವರು ನೆಂಟರ ಹಾಗೆ ಕಾಣುತ್ತಾರೆ. "ಇದು ಯಾರದ್ದು?" ಅನ್ನುವುದೊಂದನ್ನು ಕಡೆಯವರೆಗೂ ಕಾಪಾಡುವುದೇ ಅವರ ಕೆಲಸ.

ಚಾಮರಾಜಪೇಟೆಯಿಂದಲೇ ಶುರು ಮಾಡೋಣ. 1892ರಲ್ಲಿ ಈ ಬಡಾವಣೆ ಹುಟ್ಟಿ ಆರು ವರ್ಷಕ್ಕೆ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಬಸವನಗುಡಿ, ಮಲ್ಲೇಶ್ವರದ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಹೇಳದ ಸಂಗತಿಯೊಂದಿದೆ ನೋಡಿ: ಪ್ಲೇಗ್ ಕೆಲಸ ಹೊಂದಿಸಿಕೊಳ್ಳಲಿಕ್ಕೆಂದು ಊರಲ್ಲಿ ಟೆಲಿಫೋನ್ ತಂತಿ ಎಳೆದರು, ಹೆಲ್ತ್ ಆಫೀಸರನ್ನು ನೇಮಿಸಿದರು, ಊರನ್ನು ನಾಲ್ಕು ವಾರ್ಡು ಮಾಡಿದರು. ಎಲ್ಲಿ, ಯಾರಿಗೆ, ಏನಾಗಿದೆ ಅನ್ನುವ ಸುದ್ದಿ ಬೇಕಿತ್ತಲ್ಲ! ಪೇಟೆಯ ಮಗ್ಗುಲಿನ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ. 1955ರಲ್ಲಿ ಮೆಡಿಕಲ್ ಕಾಲೇಜೂ ಬಂತು.

ಆ ಕಾಲದ ಲ್ಯಾಬು ಅಂದರೆ ಎಲ್ಲವೂ ಕೈಕೆಲಸ. ಒಂದು ಟ್ಯೂಬು, ಒಂದು ಚೀಟಿ, ರಿಜಿಸ್ಟರಿನಲ್ಲಿ ಒಂದು ಸಾಲು. ಇದನ್ನು ಅಲ್ಲಾಡಿಸಿದ್ದು ಅಮೆರಿಕದ ಲೆನರ್ಡ್ ಸ್ಕೆಗ್ಸ್ ಕಂಡುಹಿಡಿದ 'ಆಟೋಅನಲೈಸರ್'. ಟೆಕ್ನಿಕಾನ್ ಕಂಪನಿ ಅದನ್ನು 1957ರಲ್ಲಿ ಮಾರುಕಟ್ಟೆಗೆ ತಂತು. ಒಂದೇ ಸಣ್ಣ ಕೊಳವೆಯಲ್ಲಿ ಸಾಲಾಗಿ ಹರಿಯುವ ಸ್ಯಾಂಪಲ್‌ಗಳು, ಅವು ಬೆರೆಯದ ಹಾಗೆ ನಡುನಡುವೆ ಗಾಳಿಗುಳ್ಳೆ. ಎಷ್ಟು ಸರಳ! ಆದರೆ ಇಲ್ಲಿ ಸರದಿಯೇ ರೋಗಿಯ ಗುರುತು. ತಟ್ಟೆಯಲ್ಲಿ ಒಂದು ಕಪ್ಪು ಹಿಂದುಮುಂದಾದರೆ ಒಬ್ಬರ ಸಕ್ಕರೆ ಇನ್ನೊಬ್ಬರ ತಲೆಗೆ. ಕಪ್ಪು ಜೋಡಿಸುವವರ ಪಟ್ಟಿ ಡಾಕ್ಟರ ಸಹಿಯಷ್ಟೇ ತೂಕದ್ದಾಯಿತು.

ಮೆಷಿನ್ ವೇಗವಾದ ಮೇಲೆ ರಿಜಿಸ್ಟರು ಸೋತಿತು. 1966-67ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನೀಲ್ ಪಪ್ಪಲಾರ್ಡೊ ಮತ್ತು ಗೆಳೆಯರು ಆಸ್ಪತ್ರೆಯ ಮಾಹಿತಿಗೆಂದೇ ಒಂದು ಕಂಪ್ಯೂಟರ್ ಭಾಷೆ ಕಟ್ಟಿದರು. ಹೆಸರು 'ಮಂಪ್ಸ್'. ಹೌದು, ನಮ್ಮ ಮಂಗನಬಾವಿನ ಇಂಗ್ಲಿಷ್ ಹೆಸರೇ! ಪ್ರೋಗ್ರಾಮರುಗಳ ಹಾಸ್ಯ ಆಗಲೂ ಹಾಗೇ ಇತ್ತು. ಅದರ ವಂಶದ ಕೋಡು ಈಗಲೂ ದೊಡ್ಡ ಆಸ್ಪತ್ರೆಗಳಲ್ಲಿ ಓಡುತ್ತಿದೆ. ಆಮೇಲೆ ಬಾರ್‌ಕೋಡು ಬಂತು, ಮೆಷಿನ್ನೇ ಕಂಪ್ಯೂಟರಿಗೆ ಫಲಿತಾಂಶ ಕಳಿಸುವುದೂ ಬಂತು.

ಹಾಗಂತ ಮನುಷ್ಯರ ಕೆಲಸ ಮುಗಿಯಲಿಲ್ಲ. ನೇರಳೆ ಮುಚ್ಚಳದ ಟ್ಯೂಬಿನ ರಕ್ತವನ್ನು ಬೇರೆ ಟ್ಯೂಬಿಗೆ ಸುರಿದರೆ ಪೊಟ್ಯಾಸಿಯಂ ಸುಳ್ಳು ಸುಳ್ಳೇ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಬಾರ್‌ಕೋಡು ಅದನ್ನು ಹೇಳುವುದಿಲ್ಲ. ಲ್ಯಾಬಿನ ತಪ್ಪುಗಳಲ್ಲಿ ದೊಡ್ಡ ಪಾಲು ಆಗುವುದು ಸ್ಯಾಂಪಲ್ಲು ಮೆಷಿನ್ ಮುಟ್ಟುವುದಕ್ಕೆ ಮೊದಲೇ.

ಇದೆಲ್ಲ ನಮ್ಮೂರಿಗೆ ಚೆನ್ನಾಗಿ ಅರ್ಥವಾದದ್ದು ಕೋವಿಡ್ಡಿನಲ್ಲಿ. 2020ರಲ್ಲಿ ವಿಕ್ಟೋರಿಯಾವನ್ನೇ ಕೋವಿಡ್ ಆಸ್ಪತ್ರೆ ಮಾಡಿದರು. ಗಂಟಲ ದ್ರವ ತೆಗೆಯುವಾಗಲೇ ಒಂದು ಫಾರಂ ತುಂಬಿ ಎಸ್‌ಆರ್‌ಎಫ್ ನಂಬರು ಕೊಡಬೇಕು. ಟ್ಯೂಬು ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಹೋಗಬೇಕು, ಫಲಿತಾಂಶವನ್ನು ಐಸಿಎಂಆರ್ ಪೋರ್ಟಲ್ಲಿಗೆ ಹಾಕಬೇಕು. ಆ ವರ್ಷ ಜುಲೈನಲ್ಲಿ ಬೆಂಗಳೂರಿನ 3,000ಕ್ಕೂ ಹೆಚ್ಚು ಪಾಸಿಟಿವ್ ರೋಗಿಗಳು ಪತ್ತೆಯೇ ಇಲ್ಲ ಅಂತ ಸುದ್ದಿಯಾಯಿತು, ನೆನಪಿದೆಯಾ? ಪರೀಕ್ಷೆಯೇನೋ ಆಗಿತ್ತು, ಬರೆಸಿದ ಫೋನ್ ನಂಬರು, ವಿಳಾಸ ಸರಿಯಿರಲಿಲ್ಲ.

2021ರ ಏಪ್ರಿಲ್ ಇನ್ನೂ ಕೆಟ್ಟದ್ದು. ಫಲಿತಾಂಶ ಬಂದ ಮೇಲೆ ಸಿಗುವ 'ಬಿಯು ನಂಬರು' ಇಲ್ಲದೆ ಎಷ್ಟೋ ಜನಕ್ಕೆ ಬೆಡ್ಡು ಸಿಗಲಿಲ್ಲ. ಉಸಿರು ಕಟ್ಟುತ್ತಿದ್ದವರ ಮನೆಮಂದಿ ಔಷಧಿ, ಆಮ್ಲಜನಕದ ಜೊತೆಗೆ ಒಂದು ನಂಬರಿಗೂ ಕಾಯಬೇಕಾಯಿತು. ಆ ನಂಬರಿನ ಹಿಂದೆ ಸ್ಯಾಂಪಲ್ ವಿಂಗಡಿಸುವವರು, ಡೇಟಾ ಎಂಟ್ರಿಯ ಹುಡುಗ ಹುಡುಗಿಯರು ಹೆಸರು, ವಯಸ್ಸು, ಫೋನು ಅಂತ ಒಂದೊಂದೇ ಟೈಪು ಮಾಡುತ್ತಿದ್ದರು.