ತಪ್ಪಿನ ಜಾಡು ಹಿಡಿದವರು

542ರಲ್ಲಿ 389 ಕಳೆದರೆ 247. ಹಾಗಂತ ಸ್ಲೇಟಿನ ಮೇಲೆ ದುಂಡಗೆ ಬರೆದು ತಂದು ನನ್ನ ಮುಂದೆ ಹಿಡಿದಿದ್ದಳು ನಾಲ್ಕನೇ ತರಗತಿಯ ಒಬ್ಬ ಹುಡುಗಿ. 1979ರ ಮಳೆಗಾಲ. ಸಾಗರ ತಾಲ್ಲೂಕಿನ ಒಂದು ಏಕೋಪಾಧ್ಯಾಯ ಶಾಲೆ, ನನ್ನ ನೌಕರಿಯ ಮೊದಲ ವರ್ಷ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮಗ್ಗಿ ಹೇಳಿಸುವುದೇ ಕಷ್ಟ, ಕೂರಿಸಿಕೊಂಡು ವಿವರಿಸುವುದಂತೂ ದೂರವೇ ಉಳಿಯಿತು. ಅಡ್ಡಗೆರೆ ಎಳೆದು "ತಪ್ಪು, ಮತ್ತೆ ಮಾಡು" ಎಂದೆ. ಮತ್ತೆ ಮಾಡಿದಳು, ಮತ್ತೆ 247. ಮೂರನೇ ಸಲವೂ ಅದೇ ಬಂದಾಗ ಸಿಟ್ಟು ಬಂತು. "ಏನೇ ಇದು? ಎರಡರಲ್ಲಿ ಒಂಬತ್ತು ಹೋದರೆ ಏಳು ಹೇಗೆ ಉಳೀತು?" ಎಂದು ಕೇಳಿದೆ. "ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು ಅಂತ ನೀವೇ ಹೇಳಿದ್ದಲ್ವಾ ಸಾರ್?" ಎಂದಳು.

ಹೇಳಿದ್ದು ಹೌದು. ಎರಡನೇ ತರಗತಿಯ ಮಕ್ಕಳಿಗೆ ಹೇಳುವಾಗ ಇವಳೂ ಅಲ್ಲೇ ಕೂತು ಕೇಳಿಸಿಕೊಂಡಿದ್ದಳು. ಏಕೋಪಾಧ್ಯಾಯ ಶಾಲೆಯಲ್ಲಿ ಎಲ್ಲರೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಒಂದೊಂದು ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು ನೋಡಿ: ಐದರಲ್ಲಿ ಮೂರು, ಎಂಟರಲ್ಲಿ ನಾಲ್ಕು, ಒಂಬತ್ತರಲ್ಲಿ ಎರಡು. ಸರಿಯಾಗಿ 247. ಆ ಹುಡುಗಿ ಲೆಕ್ಕ ತಪ್ಪಿರಲಿಲ್ಲ, ಬೇರೆ ನಿಯಮವನ್ನು ಚಾಚೂತಪ್ಪದೆ ಪಾಲಿಸಿದ್ದಳು.

ಇದನ್ನೇ ಅಮೆರಿಕದಲ್ಲಿ ಇಬ್ಬರು ಒಂದು ವರ್ಷ ಮೊದಲೇ ಅಚ್ಚು ಹಾಕಿಸಿದ್ದರೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಎಂ.ಇಡ್. ಮಾಡಲು ಮೈಸೂರಿಗೆ ಹೋದಾಗ. ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಒಂದು ಸಂಪುಟವಿತ್ತು. 1982ರದು, ಡೆರೆಕ್ ಸ್ಲೀಮನ್ ಮತ್ತು ಜಾನ್ ಸೀಲಿ ಬ್ರೌನ್ ಸಂಪಾದಿಸಿದ್ದು, ವಿಷಯ ಪಾಠ ಹೇಳುವ ಬುದ್ಧಿವಂತ ಯಂತ್ರಗಳು. ಕಂಪ್ಯೂಟರಿನ ಗಂಧಗಾಳಿ ಇಲ್ಲದ ನಾನು ಅದನ್ನು ಓದತೊಡಗಿದ್ದೇ ಪುಟದ ತುಂಬ ಕಳೆಯುವ ಲೆಕ್ಕಗಳಿದ್ದವೆಂದು.

ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಕೆಲಸ ಮಾಡುತ್ತಿದ್ದದ್ದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಬಿ.ಬಿ.ಎನ್. ಎಂಬ ಕಂಪನಿಯಲ್ಲಿ. ಸಭಾಂಗಣಗಳಲ್ಲಿ ಧ್ವನಿ ಚೆನ್ನಾಗಿ ಕೇಳಿಸುವಂತೆ ಮಾಡುವ ಸಲಹೆಗಾರರಾಗಿ ಶುರುವಾದ ಕಂಪನಿ ಅದು. ಮಕ್ಕಳ ಮನಸ್ಸಿನ ಸದ್ದು ಕೇಳಿಸಿಕೊಳ್ಳುವ ಕೆಲಸಕ್ಕೂ ಇಳಿದದ್ದು ನನಗೆ ಸೋಜಿಗವೇನೂ ಅಲ್ಲ. 1978ರಲ್ಲಿ ಅವರು ಪ್ರಕಟಿಸಿದ ಕೆಲಸದ ಹೆಸರು ಬಗ್ಗಿ. ಕಳೆಯುವ ವಿಧಾನವನ್ನು ಸಣ್ಣಸಣ್ಣ ಹೆಜ್ಜೆಗಳಾಗಿ ಒಡೆದು, ಯಾವ ಹೆಜ್ಜೆ ಕೆಟ್ಟರೆ ಯಾವ ಉತ್ತರ ಬರುತ್ತದೆಂದು ಯಂತ್ರದಲ್ಲಿ ಓಡಿಸಿ ನೋಡಿದರು. ಮಗು ಕೊಟ್ಟ ಉತ್ತರ ಯಾವ ಕೆಟ್ಟ ಹೆಜ್ಜೆಯ ಉತ್ತರಕ್ಕೆ ಹೊಂದುತ್ತದೋ ಅದೇ ಮಗುವಿನ ತಲೆಯಲ್ಲಿರುವುದು.

ಪರೀಕ್ಷಿಸಲು ಉತ್ತರಗಳು ಬೇಕಲ್ಲ? ಅವು ಬಂದದ್ದು ನಿಕರಾಗುವದಿಂದ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನವರು ಆ ಬಡ ದೇಶದಲ್ಲಿ ರೇಡಿಯೊ ಮೂಲಕ ಗಣಿತ ಕಲಿಸುತ್ತಿದ್ದರು. ಅಲ್ಲಿನ ಸುಮಾರು 1,300 ಮಕ್ಕಳ ಕಳೆಯುವ ಲೆಕ್ಕಗಳು ಯಂತ್ರಕ್ಕೆ ಸಿಕ್ಕವು. ನೋಡಿದರೆ ನನ್ನ ಸಾಗರದ ಹುಡುಗಿ ಅಲ್ಲೂ ಇದ್ದಾಳೆ! ಜೊತೆಗೆ ಇನ್ನೊಬ್ಬನಿದ್ದ: 103ರಲ್ಲಿ 45 ಕಳೆದು 158 ಎನ್ನುವವನು. ಮೂರರಲ್ಲಿ ಐದು ಹೋಗುವುದಿಲ್ಲ, ಪಕ್ಕದ ಮನೆಗೆ ಕಡ ಕೇಳಲು ಹೋದರೆ ಅಲ್ಲಿರುವುದು ಸೊನ್ನೆ. ಸೊನ್ನೆಯನ್ನು ಒಂಬತ್ತು ಮಾಡುತ್ತಾನೆ, ಅದರಾಚೆಯ ಮನೆಯಿಂದ ಒಂದನ್ನು ಇಳಿಸುವುದನ್ನು ಮರೆಯುತ್ತಾನೆ. ಈ ಹುಡುಗ ನನಗೆ ಹಲವು ವರ್ಷ ಹಲವು ಹೆಸರಿನಲ್ಲಿ ಸಿಕ್ಕಿದ್ದಾನೆ.

ಬಗ್ಗಿಯಲ್ಲಿ ನನಗೆ ಬಹಳ ಹಿಡಿಸಿದ್ದು ಮೇಷ್ಟ್ರುಗಳಿಗೆಂದೇ ಮಾಡಿದ್ದ ಆಟ. ಯಂತ್ರ ತಪ್ಪು ಮಾಡುವ ಹುಡುಗನಾಗುತ್ತದೆ, ಮೇಷ್ಟ್ರು ಲೆಕ್ಕ ಕೊಡುತ್ತಾ ಹೋಗಬೇಕು. ರೋಗ ಗೊತ್ತಾಯಿತು ಎಂದರೆ ಸಾಲದು, ಮುಂದಿನ ಲೆಕ್ಕಗಳಿಗೆ ಆ ಹುಡುಗ ಕೊಡುವಂಥದೇ ತಪ್ಪು ಉತ್ತರಗಳನ್ನು ಮೇಷ್ಟ್ರೇ ಕೊಟ್ಟು ತೋರಿಸಬೇಕು. ನಮ್ಮ ಡಿ.ಇಡ್., ಬಿ.ಇಡ್. ಪರೀಕ್ಷೆಗಳಲ್ಲಿ ಇಂಥದೊಂದು ಪ್ರಶ್ನೆಯನ್ನು ನಾನು ಈವರೆಗೆ ಕಂಡಿಲ್ಲ.

ಆದರೆ ರೋಗ ಅಷ್ಟು ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಬ್ರೌನ್ ಜೊತೆ ಸೇರಿದ ಕರ್ಟ್ ವ್ಯಾನ್‌ಲೆನ್, ಮಕ್ಕಳು ಒಂದೇ ತಪ್ಪಿಗೆ ಅಂಟಿಕೊಳ್ಳುವುದಿಲ್ಲ ಎಂಬುದನ್ನು ಕಂಡರು. ದಾರಿ ಕಟ್ಟಾದ ಕಡೆ ಮಗು ಏನೋ ಒಂದು ತೇಪೆ ಹಾಕಿ ಮುಂದೆ ಹೋಗುತ್ತದೆ, ನಾಳೆ ಅದೇ ಜಾಗದಲ್ಲಿ ಬೇರೆ ತೇಪೆ. 1980ರಲ್ಲಿ ಈ ಇಬ್ಬರೂ ಪ್ರಕಟಿಸಿದ ಸಿದ್ಧಾಂತದ ತಿರುಳು ಈ ತೇಪೆಯೇ.

ಇಷ್ಟೆಲ್ಲ ಆದದ್ದು ಸರಿಯುತ್ತರ ಒಂದೇ ಇರುವ ಲೆಕ್ಕದಲ್ಲಿ. ಮಗುವನ್ನು ಆಟಕ್ಕೆ ಬಿಟ್ಟರೆ? ಅದೇ ಬಿ.ಬಿ.ಎನ್.ನಲ್ಲಿ 1967ರಲ್ಲಿ ವಾಲಿ ಫ್ಯೂರ್ಜೈಗ್, ಸೀಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಲೋಗೊ ಭಾಷೆ ಕಟ್ಟಿದ್ದರು. ಮಗು ಹೇಳಿದಂತೆ ಆಮೆ ನಡೆಯುತ್ತದೆ, ನಡೆದ ಕಡೆ ಗೆರೆ ಬೀಳುತ್ತದೆ. ಚೌಕ ಮಾಡಲು ಹೋಗಿ ನಕ್ಷತ್ರವಾದರೆ ಅದು ತಪ್ಪೋ ಸರಿಯೋ? ಆಮೆ ಏನೂ ಹೇಳುವುದಿಲ್ಲ. ಪಕ್ಕದಲ್ಲಿ ಒಳ್ಳೆಯ ಮೇಷ್ಟ್ರು ಇದ್ದರೆ ಸರಿ, ಇಲ್ಲದಿದ್ದರೆ ಮಗು ಅಲ್ಲೇ ಗಿರಕಿ ಹೊಡೆಯುತ್ತದೆ.

ಬ್ರೌನ್ ಮತ್ತು ಬರ್ಟನ್ ಈ ಗಂಟನ್ನು ಬಿಡಿಸಲು ಕೂತದ್ದು ಒಂದು ಆಟದ ಮೂಲಕ. ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಯಂತ್ರದಲ್ಲಿ ಮಕ್ಕಳು ಆಡುತ್ತಿದ್ದ 'ವೆಸ್ಟ್' ಅದು. ನಮ್ಮ ಹಾವು ಏಣಿಯಂತೆ ಮನೆಗಳ ಸಾಲು, ಗುರಿ 70. ಮೂರು ಅಂಕಿಗಳು ಬೀಳುತ್ತವೆ. ಎರಡು ಬೇರೆಬೇರೆ ಚಿಹ್ನೆ, ಬೇಕಾದರೆ ಆವರಣ ಬಳಸಿ ಮಗು ಒಂದು ಸಂಖ್ಯೆ ಮಾಡಿ ಅಷ್ಟು ಮನೆ ನಡೆಯಬೇಕು. ಹತ್ತರ ಮನೆಗಳೆಲ್ಲ ಊರುಗಳು, ಊರಿನ ಮೇಲೆ ಸರಿಯಾಗಿ ನಿಂತರೆ ಮುಂದಿನ ಊರಿಗೆ ಜಿಗಿತ. ನೀವು 26ರಲ್ಲಿದ್ದೀರಿ, 2, 3, 4 ಬಿದ್ದಿವೆ ಎನ್ನಿ. ಆಸೆಬುರುಕ ಎರಡು ಮೂರು ಕೂಡಿಸಿ ನಾಲ್ಕರಿಂದ ಗುಣಿಸಿ 20 ಮಾಡಿ 46ಕ್ಕೆ ಹೋಗುತ್ತಾನೆ. ಜಾಣ ಮೂರು ನಾಲ್ಕಲಿ ಹನ್ನೆರಡಕ್ಕೆ ಎರಡು ಸೇರಿಸಿ 14 ಮಾಡುತ್ತಾನೆ. 40ರ ಊರು ಸಿಕ್ಕಿತು, ಅಲ್ಲಿಂದ 50ಕ್ಕೆ ಜಿಗಿದ.

ಈ ಆಟದ ಪಕ್ಕ ಅವರು ಯಂತ್ರದೊಳಗಿನ ಒಂದು ಕೋಚನ್ನು ಕೂರಿಸಿದರು. ಮಗು ಆಡಿದ ಪ್ರತಿ ನಡೆಯನ್ನೂ ಆಡಬಹುದಾಗಿದ್ದ ಎಲ್ಲ ನಡೆಗಳ ಜೊತೆ ಅದು ಹೋಲಿಸುತ್ತದೆ. ಒಬ್ಬ ಹುಡುಗ ಒಂದು ಸಲವೂ ಕಳೆಯುವ ಚಿಹ್ನೆ ಮುಟ್ಟಿಲ್ಲ ಎನ್ನಿ. ಅವನಿಗೆ ಗೊತ್ತಿಲ್ಲವೋ, ಅಥವಾ ಕಳೆಯಬೇಕಾದ ಸಂದರ್ಭವೇ ಬಂದಿಲ್ಲವೋ? ಕಳೆದು ಆಡಿದ್ದರೆ ಗೆಲ್ಲುವಂಥ ಅವಕಾಶ ಎಷ್ಟು ಸಲ ಕೈತಪ್ಪಿತು ಎಂದು ಎಣಿಸಿದರೆ ಮಾತ್ರ ಗೊತ್ತಾದೀತು. ಮಗು ಮಾಡಿದ್ದನ್ನು ನೋಡುವುದು ಎಲ್ಲ ಮೇಷ್ಟ್ರುಗಳೂ ಮಾಡುವ ಕೆಲಸ, ಮಾಡದೆ ಬಿಟ್ಟದ್ದರ ಲೆಕ್ಕ ಇಟ್ಟದ್ದು ಈ ಯಂತ್ರ.

ಅದಕ್ಕಿಂತ ದೊಡ್ಡದು ಕೋಚಿಗೆ ಹಾಕಿದ ಕಟ್ಟುಪಾಡುಗಳು. ಮಗು ತಾನಾಗಿ ಆಟ ಕಂಡುಕೊಳ್ಳುವ ಮೊದಲು ಬಾಯಿ ಹಾಕಬಾರದು. ಏನೇ ಆಗಲಿ, ಒಂದರ ಹಿಂದೊಂದು ಎರಡು ನಡೆಗಳಿಗೆ ಬುದ್ಧಿ ಹೇಳಬಾರದು. ಮಗು ಚೆನ್ನಾಗಿ ಆಡಿದಾಗ ಶಹಭಾಸ್ ಎನ್ನಬೇಕು. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ. ಹನ್ನೊಂದು ಗಂಟೆಯಿಂದ ನಾಲ್ಕೂವರೆಯವರೆಗೆ ಒಂದೇ ಸಮನೆ ಮಾತಾಡುವುದಕ್ಕೇ ಸಂಬಳ ಎಂದುಕೊಂಡಿದ್ದವನು ನಾನು. ಕೋಚ್ ಇದ್ದ ಮಕ್ಕಳು ಇಲ್ಲದವರಿಗಿಂತ ಹೆಚ್ಚು ಬಗೆಯ ನಡೆಗಳನ್ನು ಆಡಿದರಂತೆ, ಆಟವನ್ನೂ ಹೆಚ್ಚು ಮೆಚ್ಚಿದರಂತೆ.

ಮುಂದಿನ ಕಥೆ ಉದ್ದವಿದೆ, ನಾನು ಓದಿದ್ದು ತುಣುಕು. 1977ರಲ್ಲಿ ಬ್ರಯನ್ ಕಾರ್ ಮತ್ತು ಐರಾ ಗೋಲ್ಡ್‌ಸ್ಟೈನ್ ಪರಿಣತನ ತಿಳಿವಳಿಕೆಯ ಮೇಲೆ ಮಗುವಿನದನ್ನು ಹೊದಿಸಿ ನೋಡುವ ಉಪಾಯ ಹೂಡಿದರು. ಇಂಗ್ಲೆಂಡಿನ ಜಾನ್ ಸೆಲ್ಫ್ 1974ರಲ್ಲೇ ವಿದ್ಯಾರ್ಥಿಯ ಮಾದರಿಯನ್ನು ಯಂತ್ರದಲ್ಲಿ ಕಟ್ಟುವ ಬಗ್ಗೆ ಬರೆದಿದ್ದರು. ಅದೇ ಸೆಲ್ಫ್ 1988ರಲ್ಲಿ ಮಾಂಟ್ರಿಯಲ್ ಸಮ್ಮೇಳನದಲ್ಲಿ, ಔಷಧವಿಲ್ಲದ ರೋಗವನ್ನು ಪತ್ತೆ ಹಚ್ಚುತ್ತಾ ಕೂರಬೇಡಿ, ಊಹಿಸುವ ಬದಲು ಮಗುವನ್ನೇ ಕೇಳಿ ಎಂಬ ಅರ್ಥದ ಮಾತಾಡಿದರು. ನನ್ನ ಮಟ್ಟಿಗೆ ಈ ವಿದ್ಯೆಯ ಇತಿಹಾಸದಲ್ಲೇ ಹೆಚ್ಚು ವಿವೇಕದ ಮಾತು ಇದು. 2000ದ ಬಳಿಕ ಕೆನಡಾದ ವ್ಯಾಂಕೂವರ್‌ನಲ್ಲಿ ಆಂಡ್ರಿಯಾ ಬಂಟ್ ಮತ್ತು ಕ್ರಿಸ್ಟಿನಾ ಕೊನಾಟಿ, ಗಣಿತದ ಫಂಕ್ಷನ್‌ಗಳ ಗೆರೆಗಳನ್ನು ಮಕ್ಕಳು ತಾವೇ ಎಳೆದಾಡಿ ನೋಡುವ ಒಂದು ತಂತ್ರಾಂಶಕ್ಕೆ ಕಾವಲುಗಾರನನ್ನು ಮಾಡಿದರು. ಎಷ್ಟು ಬಗೆಯ ಸಂದರ್ಭಗಳನ್ನು ಮಗು ಮುಟ್ಟಿ ನೋಡಿದೆ ಎಂಬುದರಿಂದ ಕಲಿತದ್ದರ ಸಂಭವನೀಯತೆಯನ್ನು ಅದು ಅಳೆಯುತ್ತದೆ. ಆದರೆ ಗೆರೆ ಎಳೆದಾಡಿದ ಮಾತ್ರಕ್ಕೆ ತಲೆ ಓಡಿದೆ ಎನ್ನಲಾದೀತೇ? ಅದಕ್ಕಾಗಿ ಕಣ್ಣಿನ ಚಲನೆಯನ್ನೇ ಹಿಂಬಾಲಿಸಿದರು. ಮಗುವಿನ ದೃಷ್ಟಿ ಗೆರೆಯಿಂದ ಸಮೀಕರಣಕ್ಕೆ, ಅಲ್ಲಿಂದ ಮತ್ತೆ ಗೆರೆಗೆ ಹೋಗುತ್ತಿದೆಯೇ ಎಂದು. ಕರಿಹಲಗೆಯ ಮುಂದೆ ನಿಂತು ನಾವೂ ಮಾಡುವುದು ಅದನ್ನೇ, ಐವತ್ತು ಜೊತೆ ಕಣ್ಣುಗಳಿಗೆ.

ನಮ್ಮ ಕಡೆಗೂ ಯಂತ್ರ ಬಂದಿತ್ತು. ಕೇಂದ್ರ ಸರ್ಕಾರ 1984ರಲ್ಲಿ ಶುರು ಮಾಡಿದ ಕ್ಲಾಸ್ ಯೋಜನೆಯಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೊ ಕಂಪ್ಯೂಟರುಗಳು ದೇಶದ ಶಾಲೆಗಳಿಗೆ ಇಳಿದವು. ನಾನು ಆಮೇಲೆ ಬಡ್ತಿ ಪಡೆದು ಹೋದ ಪ್ರೌಢಶಾಲೆಯಲ್ಲೂ ಒಂದು ಕೋಣೆಯಲ್ಲಿ ಅವಿದ್ದವು, ಮೇಲೆ ಹೂವಿನ ಕಸೂತಿಯ ಹೊದಿಕೆ. ಬೀಗದ ಕೈ ಹೆಡ್‌ಮಾಸ್ತರರ ಜನಿವಾರದಲ್ಲಿ. ಕೆಟ್ಟರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂದು ಮುಟ್ಟಿದವರಿಲ್ಲ. ಈಗ ನನ್ನ ಮೊಮ್ಮಗಳು ಮೊಬೈಲಿನಲ್ಲೇ ಫೆಟ್ ಎಂಬ ತಾಣದ ಪ್ರಯೋಗಗಳನ್ನು ಆಡುತ್ತಾಳೆ, ತಂತಿ ಜೋಡಿಸಿ ಬಲ್ಬು ಉರಿಸುತ್ತಾಳೆ. "ಅಜ್ಜಾ, ಸುಮ್ನಿರು, ನಾನೇ ನೋಡ್ತೆ" ಅಂತಾಳೆ. ಎರಡು ನಡೆಯಾಗುವವರೆಗೆ ಸುಮ್ಮನಿರುತ್ತೇನೆ.

ಶಾಲೆಗಳಲ್ಲಿರುವ ಮೇಷ್ಟ್ರು, ಟೀಚರುಗಳಲ್ಲಿ ಒಂದು ಕೇಳಿಕೆ. ನಿಕರಾಗುವದ ಮಕ್ಕಳ ತಪ್ಪುಗಳು ಜಗತ್ತಿಗೆ ಪಾಠವಾದವು, ನಮ್ಮ ಮಕ್ಕಳವು ಪ್ರತಿ ಏಪ್ರಿಲ್‌ನಲ್ಲಿ ರದ್ದಿಗೆ ಹೋಗುತ್ತವೆ. ತೂಕಕ್ಕೆ ಹಾಕುವ ಮೊದಲು ತಪ್ಪು ಉತ್ತರಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಡಿ. ಹೆಸರು ಬೇಡ, ತರಗತಿ, ಲೆಕ್ಕ, ಉತ್ತರ, ಇಷ್ಟು ಸಾಕು. ನನ್ನ ಹತ್ತಿರ ಇರುವುದು 1991ರಿಂದ 2017ರವರೆಗಿನದು, ಒಟ್ಟು ಹನ್ನೊಂದು ಪುಸ್ತಕ.