ಮರಳುಗಾಡಿನಲ್ಲಿ ಮೋಟಾರು ಸಂಚಾರ: ಇತಿಹಾಸ

ಸಡಿಲವಾದ ಮರಳಿನಲ್ಲಿ ಹೂತುಹೋಗದಂತೆ ಮೋಟಾರು ವಾಹನವನ್ನು ನಡೆಸತಕ್ಕ ವಿದ್ಯೆ ಬಹುಮಟ್ಟಿಗೆ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ನೈಲ್ ನದಿಯ ಪಶ್ಚಿಮಕ್ಕೆ ಹಬ್ಬಿರುವ ಲಿಬಿಯಾ ಮರುಭೂಮಿಯಲ್ಲಿ. ಚಕ್ರವು ನೆಲವನ್ನು ಮುಟ್ಟುವ ಜಾಗ ಕಿರಿದಾದಷ್ಟೂ ಮರಳಿನ ಮೇಲಣ ಒತ್ತಡ ಹೆಚ್ಚಿ, ಕಣಗಳು ಬದಿಗೆ ಸರಿದು, ಚಕ್ರ ಕೆಳಗಿಳಿಯುತ್ತದೆ. ಹಾಗೆ ಇಳಿದ ಚಕ್ರವನ್ನು ಎಂಜಿನ್ನಿನ ಬಲದಿಂದಲೇ ಬಿಡಿಸಹೊರಟರೆ ಅದು ನಿಂತಲ್ಲೇ ಗಿರ್ರನೆ ತಿರುಗಿ ಇನ್ನಷ್ಟು ಆಳಕ್ಕೆ ತೋಡಿಕೊಳ್ಳುತ್ತದೆ. ಬಲವನ್ನು ನೆಚ್ಚದೆ, ಭಾರವನ್ನು ತಗ್ಗಿಸಿ, ಉಳಿದುದನ್ನು ಅಗಲವಾಗಿ ಹರಡಬೇಕೆಂಬ ವಿವೇಕ ಅನುಭವದಿಂದ ಕ್ರಮೇಣ ಬಂದಿತು.

ಮೊದಲ ಮಹಾಯುದ್ಧದಲ್ಲಿ ಸೆನುಸ್ಸಿ ಎಂಬ ಪಂಗಡದವರ ಎದುರು ಈಜಿಪ್ಟಿನ ಪಶ್ಚಿಮದ ಗಡಿಯನ್ನು ಕಾಯುತ್ತಿದ್ದ ಬ್ರಿಟಿಷರ ಲಘು ಮೋಟಾರು ಪಡೆಗಳು ಫೋರ್ಡ್ ಕಂಪೆನಿಯ ‘ಟಿ’ ಮಾದರಿಯ ಹಗುರವಾದ ಕಾರುಗಳಲ್ಲಿ ದೂರದೂರ ಸಂಚರಿಸಿದವು. ಫ್ರೆಂಚರು ಬೇರೊಂದು ಹಾದಿ ಹಿಡಿದರು: ರಷ್ಯದ ಚಕ್ರವರ್ತಿಯ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದ ಅಡಾಲ್ಫ್ ಕೆಗ್ರೆಸ್ ಎಂಬಾತ ಹಿಂಗಾಲಿಗಳ ಬದಲು ರಬ್ಬರಿನ ಸುತ್ತುಪಟ್ಟಿಯನ್ನು ಜೋಡಿಸುವ ಕ್ರಮವನ್ನು ರೂಪಿಸಿದ್ದನು; ಇಂತಹ ಸಿಟ್ರೊಯೆನ್ ವಾಹನಗಳು 1922ರ ಡಿಸೆಂಬರಿನಲ್ಲಿ ಟುಗ್ಗೂರ್ಟಿನಿಂದ ಹೊರಟು 1923ರ ಜನವರಿಯಲ್ಲಿ ಟಿಂಬಕ್ಟು ಸೇರಿ ಸಹಾರವನ್ನು ದಾಟಿದವು.

ಈ ವಿದ್ಯೆಗೆ ಶಾಸ್ತ್ರದ ತಳಹದಿಯನ್ನು ಹಾಕಿದವನು ರಾಲ್ಫ್ ಬ್ಯಾಗ್ನೋಲ್ಡ್ (1896-1990). ಈಜಿಪ್ಟಿನಲ್ಲಿ ನೆಲೆಸಿದ್ದ ಬ್ರಿಟಿಷ್ ಸೇನೆಯ ಈ ಅಧಿಕಾರಿ ರಜೆಯ ದಿನಗಳನ್ನು ಸಂಗಡಿಗರೊಡನೆ ಮರುಭೂಮಿಯ ಅನ್ವೇಷಣೆಯಲ್ಲಿ ಕಳೆದನು. ಮೊದಲ ಮಹಾಯುದ್ಧದ ಕಾಲದಲ್ಲಿ ನೆಲದಡಿಯ ತಂಗುದಾಣಗಳಿಗೆ ಮಾಡಾಗಿ ಹೊದಿಸಲೆಂದು ತಯಾರಾದ ಉಕ್ಕಿನ ಪಟ್ಟಿಗಳು ಕೈರೋದ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಈತನ ಕಣ್ಣಿಗೆ ಬಿದ್ದವು. ಕಾರು ಹೂತ ಕೂಡಲೆ ಹಿಂಗಾಲಿಗಳ ಮುಂದಣ ಮರಳನ್ನು ಕೈಯಿಂದ ಬಗೆದು, ಪಟ್ಟಿಯ ತುದಿಯನ್ನು ಟೈರಿನ ಅಡಿಗೆ ತುರುಕಿ, ಚಾಲಕನು ಕಾರನ್ನು ಮೆಲ್ಲನೆ ಅದರ ಮೇಲೆ ಹತ್ತಿಸುವಾಗ ಉಳಿದವರೆಲ್ಲ ಹಿಂದಿನಿಂದ ನೂಕುವರು. ಗಟ್ಟಿನೆಲ ಸಿಕ್ಕುವ ತನಕ ಕಾರು ನಿಲ್ಲಕೂಡದಾದ್ದರಿಂದ, ಹಿಂದುಳಿದ ಪಟ್ಟಿಗಳನ್ನು ಹೊತ್ತು ಅದನ್ನು ಹಿಂಬಾಲಿಸುವುದೂ ಅವರ ಪಾಲಿಗೆ ಬರುತ್ತಿತ್ತು. ಕುದಿಯುವ ರೇಡಿಯೇಟರಿನ ಆವಿಯನ್ನು ಕೊಳವೆಯ ಮೂಲಕ ನೀರಿನ ಡಬ್ಬಿಯೊಂದಕ್ಕೆ ಹಾಯಿಸಿ ತಣಿಸಿ, ಎಂಜಿನ್ ಆರಿದಾಗ ಆ ನೀರೇ ಮರಳಿ ಒಳಕ್ಕೆ ಸೆಳೆಯಲ್ಪಡುವಂತೆ ಮಾಡಿದ ಏರ್ಪಾಡೂ ಇವರ ವಾಹನಗಳಲ್ಲಿತ್ತು. ಹನಿ ನೀರಿಗೂ ಬೆಲೆಯಿರುವ ನಾಡಿನಲ್ಲಿ ಇದರ ಉಪಕಾರ ಅಲ್ಪವಲ್ಲ. ಟೈರಿನ ಗಾಳಿಯನ್ನು ಇಳಿಸಿ ಅದು ನೆಲಕ್ಕೆ ಅಗಲವಾಗಿ ಒರಗುವಂತೆ ಮಾಡುವುದಂತೂ ನಿತ್ಯದ ಅಭ್ಯಾಸವಾಯಿತು.

ಅದುವರೆಗೆ ವಾಹನಗಳಿಗೆ ಅಭೇದ್ಯವೆನಿಸಿದ್ದ ಮಹಾಮರಳುಸಾಗರದ ದಿಣ್ಣೆಗಳನ್ನು ಬ್ಯಾಗ್ನೋಲ್ಡ್ ಎದುರಿಸಿದ ಬಗೆ ಧೈರ್ಯದ್ದು. ಗಂಟೆಗೆ ಸುಮಾರು 40 ಮೈಲಿ ವೇಗದಲ್ಲಿ ಮರಳಿನ ಗೋಡೆಗೆ ನೇರವಾಗಿ ನುಗ್ಗಿದಾಗ ಲಾರಿ ಡಿಕ್ಕಿ ಹೊಡೆಯಲಿಲ್ಲ; ಮೂತಿಯನ್ನು ಮೇಲೆತ್ತಿ, ಕುಲುಕಾಟವಿಲ್ಲದೆ ದಿಣ್ಣೆಯ ನೆತ್ತಿಗೇರಿತು. ಇದರ ಕಾರಣವನ್ನು ಈತ ಮುಂದೆ ಇಂಗ್ಲೆಂಡಿನಲ್ಲಿ ಗಾಳಿಸುರಂಗವೊಂದನ್ನು ಕಟ್ಟಿ ಪ್ರಯೋಗಿಸಿ, 1941ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದನು. ಗಾಳಿಗೆದುರಾದ ಇಳಿಜಾರಿನಲ್ಲಿ ಪುಟಿದು ಬಂದ ಕಣಗಳು ಒತ್ತೊತ್ತಾಗಿ ನೆಲೆಗೊಂಡು ಗಟ್ಟಿ ಹಾಸಾಗುತ್ತವೆ. ನೆತ್ತಿಯಿಂದ ಗಾಳಿಮರೆಯ ಕಡೆಗೆ ಜಾರಿಬಿದ್ದವು ಸಡಿಲವಾಗಿಯೇ ಉಳಿದು ಚಕ್ರವನ್ನು ನುಂಗುತ್ತವೆ. ದಿಣ್ಣೆಯನ್ನು ಯಾವ ಮಗ್ಗುಲಿನಿಂದ ಹತ್ತಬೇಕೆಂಬುದು ಅಂದಿನಿಂದ ಕೇವಲ ಊಹೆಯ ವಿಷಯವಾಗಿ ಉಳಿಯಲಿಲ್ಲ.

1940ರ ಜುಲೈಯಲ್ಲಿ ಸೇನಾಪತಿ ವೇವೆಲನ ಅನುಮತಿಯಿಂದ ಬ್ಯಾಗ್ನೋಲ್ಡ್ ಕಟ್ಟಿದ ದೂರಗಾಮಿ ಮರುಭೂಮಿ ದಳವು ಈ ಅನುಭವವನ್ನೆಲ್ಲ ಯುದ್ಧಕ್ಕೆ ತಂದಿತು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವನ್ನು ಮುಟ್ಟಿಸುವ ಫೋರ್ಡ್ ಲಾರಿಗಳನ್ನು ಈ ದಳ ಕೆಲಕಾಲ ಬಳಸಿತಾದರೂ, ಅವುಗಳ ಭಾರ ಮತ್ತು ಪೆಟ್ರೋಲಿನ ಅತಿವ್ಯಯಗಳಿಂದ ಬೇಸತ್ತು, 1942ರಲ್ಲಿ ಹಿಂಗಾಲಿಗಳಿಂದಷ್ಟೇ ಚಲಿಸುವ ಹಗುರವಾದ ಷೆವರ್ಲೆ ಲಾರಿಗಳಿಗೆ ಹಿಂದಿರುಗಿತು. ನಾಲ್ಕು ಚಕ್ರದ ಬಲವೇ ಮರಳಿಗೆ ಮದ್ದೆಂದು ನಂಬುವವರು ಈ ನಿರ್ಣಯವನ್ನು ಗಮನಿಸತಕ್ಕದ್ದು. ಅದೇ ಯುದ್ಧಕಾಲದಲ್ಲಿ ಅಮೆರಿಕನ್ನರ ‘ಡಕ್’ ಎಂಬ ಉಭಯಚರ ವಾಹನದ ಚಾಲಕನು ಕುಳಿತಲ್ಲಿಂದಲೇ ಟೈರಿನ ಗಾಳಿಯನ್ನು ಏರಿಸಿ ಇಳಿಸುವ ಸೌಕರ್ಯವನ್ನು ಪಡೆದನು.

ಈ ಸಮಸ್ಯೆ ಭೂಮಿಗೇ ಸೀಮಿತವಾಗಿ ಉಳಿದಿಲ್ಲ. ಮಂಗಳಗ್ರಹದ ಮೇಲೆ 2005ರ ಏಪ್ರಿಲಿನಲ್ಲಿ ‘ಆಪರ್ಚುನಿಟಿ’ ಎಂಬ ಶೋಧಕ ವಾಹನ ಮರಳಿನ ಅಲೆಯೊಂದರಲ್ಲಿ ಹೂತುಹೋಯಿತು. ಗಾಳಿಯಿಲ್ಲದ ಲೋಹದ ಚಕ್ರಗಳಾದುದರಿಂದ ಇಳಿಸಲು ಏನೂ ಇರಲಿಲ್ಲ. ಪಟ್ಟಿ ಹಾಸಲು ಜನರೂ ಇರಲಿಲ್ಲ. ಭೂಮಿಯ ಮೇಲೆ ಅದರ ಪ್ರತಿರೂಪವನ್ನು ಮರಳಿನಲ್ಲಿ ಹೂಳಿ ಪರೀಕ್ಷಿಸಿದ ತಜ್ಞರು, ವಾಹನವನ್ನು ಬಂದ ಜಾಡಿನಲ್ಲೇ ಹಿಮ್ಮುಖವಾಗಿ ಅಂಗುಲ ಅಂಗುಲವಾಗಿ ಸರಿಸಿ, ಜೂನ್ ತಿಂಗಳ ಮೊದಲಲ್ಲಿ ಬಿಡಿಸಿಕೊಂಡರು.