ತೇವದ ಮಹತ್ವ: ಮಧುಮೇಹದ ಹುಣ್ಣಿನ ಚಿಕಿತ್ಸೆ ನಡೆದುಬಂದ ದಾರಿ

ಸುಶ್ರುತ ಸಂಹಿತೆಯು ವ್ರಣಚಿಕಿತ್ಸೆಗೆ 60 ಉಪಕ್ರಮಗಳನ್ನು ಹೇಳುವುದಲ್ಲದೆ, ಪ್ರಮೇಹಪಿಡಕೆಗಳಿಗೆ, ಅಂದರೆ ಮಧುಮೇಹವನ್ನೂ ಒಳಗೊಂಡ ಮೂತ್ರರೋಗಗಳಲ್ಲಿ ಏಳುವ ಕುರುಗಳಿಗೆ, ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಜೇನು ಮತ್ತು ತುಪ್ಪವನ್ನು ಹಚ್ಚುವ ಆ ಪರಂಪರೆಯಲ್ಲಿ ಗಾಯವು ಹಸಿಯಾಗಿಯೇ ಉಳಿಯುತ್ತಿತ್ತು. ಆದರೆ ಸ್ರಾವವನ್ನು ಹೀರುವ ಹತ್ತಿಯ ಪಟ್ಟಿಯನ್ನು 1880ರಲ್ಲಿ ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಸ್ಯಾಂಪ್ಸನ್ ಗ್ಯಾಮ್ಜಿ ಬಳಕೆಗೆ ತಂದ ಕಾಲಕ್ಕೆ, ಗಾಯವನ್ನು ಒಣಗಿಸುವುದೇ ಆಸ್ಪತ್ರೆಗಳ ಗುರಿಯಾಗಿತ್ತು.

ಗಾಯ ಒಣಗಬೇಕೆಂಬ ಈ ನಂಬಿಕೆಯನ್ನು ಅಲುಗಿಸಿದವನು ಸಂಶೋಧಕ ಜಾರ್ಜ್ ವಿಂಟರ್. ಆತ ಹಂದಿಗಳ ಮೈಮೇಲೆ ತೆಳುಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದಾಗ, ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗದಲ್ಲಿ ಹರಡಿತು. ಹಕ್ಕಳೆ ಕಟ್ಟಿದ ಗಾಯದಲ್ಲಿ ಜೀವಕೋಶಗಳು ಒಣಪದರದ ಅಡಿಯಲ್ಲಿ ದಾರಿ ಕೊರೆಯಬೇಕಾಗುತ್ತದೆ. ತೇವವಿದ್ದಲ್ಲಿ ಅವು ಮೇಲ್ಮೈಯ ಮೇಲೆ ಸಲೀಸಾಗಿ ಸರಿಯುತ್ತವೆ. ಈ ಫಲಿತಾಂಶ 1962ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದೇ ಪತ್ರಿಕೆಯಲ್ಲಿ 1960ರಲ್ಲಿ ಪ್ರಾಗಿನ ರಸಾಯನವಿಜ್ಞಾನಿಗಳಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೋಸ್ಲಾವ್ ಲೀಮ್ ಜೈವಿಕ ಬಳಕೆಗೆ ತಕ್ಕ ಹೈಡ್ರೋಜೆಲ್‌ಗಳನ್ನು ವರ್ಣಿಸಿದ್ದರು. ನೀರನ್ನು ಹೀರಿ ಉಬ್ಬಿದರೂ ಕರಗದಂತೆ, ಉದ್ದನೆಯ ಅಣುಸರಪಳಿಗಳು ಪರಸ್ಪರ ಹೆಣೆದುಕೊಂಡ ಜಾಲವೇ ಹೈಡ್ರೋಜೆಲ್. ವಿಖ್ಟರ್ಲೆ 1961ರ ಕೊನೆಗೆ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಮನೆಯಲ್ಲೇ ಯಂತ್ರ ಕಟ್ಟಿ, ಈ ವಸ್ತುವಿನಿಂದ ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ತಯಾರಿಸಿದನು. ಕಣ್ಣಿಗಾಗಿ ರೂಪುಗೊಂಡ ವಸ್ತುವಿನ ಬಗೆಯೇ ಮುಂದೆ ಗಾಯದ ಪಟ್ಟಿಗೂ ಒದಗಿತು: ಅದು ಒಣಗಿದ ಸತ್ತ ಅಂಗಾಂಶಕ್ಕೆ ನೀರುಣಿಸಿ ಮೆತ್ತಗಾಗಿಸುತ್ತದೆ, ಹೊಸ ಅಂಗಾಂಶಕ್ಕೆ ಅಂಟದೆ ಬಿಡಿಸಿಕೊಳ್ಳುತ್ತದೆ.

ಆದರೆ ಮಧುಮೇಹದ ಹುಣ್ಣಿಗೆ ಬೇರೆ ಅಡ್ಡಿಗಳೂ ಇವೆ: ಹುಣ್ಣಾದ ಪಾದದಲ್ಲಿ ಹೆಚ್ಚಾಗಿ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಂಡಿರುತ್ತವೆ, ರಕ್ತಸಂಚಾರ ಕುಗ್ಗಿರುತ್ತದೆ, ಉರಿಯೂತ ದೀರ್ಘವಾಗಿ ಉಳಿದು, ಅಂಗಾಂಶವನ್ನು ಬೆಳೆಸುವ ಪ್ರೋಟೀನುಗಳನ್ನು ಕಿಣ್ವಗಳು ಒಡೆದುಹಾಕುತ್ತವೆ. ಅಂಥ ಪ್ರೋಟೀನೊಂದನ್ನು ಜೆಲ್‌ನಲ್ಲಿ ಬೆರೆಸಿದ ಬೆಕಾಪ್ಲರ್ಮಿನ್ ಔಷಧಕ್ಕೆ ಅಮೆರಿಕ 1997ರಲ್ಲಿ ಅನುಮತಿ ನೀಡಿದ್ದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ.

ಆದರೂ ಲೇಪವೊಂದೇ ಸಾಲದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಮರಗಟ್ಟಿದ ಪಾದಗಳನ್ನು ಅಭ್ಯಸಿಸಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ನೋವು ತಿಳಿಯದ ಪಾದದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡವೇ ಹುಣ್ಣಿಗೆ ಮೂಲವೆಂದು ಮನಗಂಡು, ಮುಂದೆ ಅಮೆರಿಕದಲ್ಲಿ ಆ ತಿಳಿವನ್ನು ಮಧುಮೇಹಿಗಳಿಗೂ ಅನ್ವಯಿಸಿದನು. ಪಾದದ ಭಾರವನ್ನು ಇಳಿಸದೆ, ಸೋಂಕನ್ನು ತಡೆಯದೆ, ರಕ್ತನಾಳಗಳನ್ನು ಪರೀಕ್ಷಿಸದೆ ಎಷ್ಟೇ ಉತ್ತಮ ಜೆಲ್ ಹಚ್ಚಿದರೂ ಹುಣ್ಣು ಮಾಯುವುದಿಲ್ಲ. ಇವೆಲ್ಲ ಕೂಡಿಬಂದಾಗ ಮಾತ್ರ ತೇವದ ಚಿಕಿತ್ಸೆಯು ಕಾಲನ್ನು ಉಳಿಸಬಲ್ಲದು.